ನಡೆದು ನೋಡಿದವರು

ನನಗೆ ಕೆಲಸ ಕಲಿಸಿದವರ ಬೀಳ್ಕೊಡುಗೆಗೆ ತಂದಿದ್ದ ಕೇಕನ್ನು ನಾನು ತಿನ್ನಲಿಲ್ಲ. ತಿನ್ನಲಿಲ್ಲ ಎಂಬುದು ಎಲ್ಲರಿಗೂ ಕಾಣಲಿ ಎಂದೇ ತುಂಬಿದ ತಟ್ಟೆಯನ್ನು ಮೀಟಿಂಗ್ ರೂಮಿನ ಮೇಜಿನ ನಟ್ಟನಡುವೆ ಇಟ್ಟು ಹೊರಗೆ ಬಂದೆ.

ಕಾರಣ ಒಂದು ಮಾತು. ನಮ್ಮ ವಿಭಾಗದ ಮ್ಯಾನೇಜರ್ ಬೆಂಗಳೂರಿನವರು, ಮಾತು ಬಲ್ಲವರು. ಎದ್ದು ನಿಂತು, "ನಮ್ಮ ಎಂಜಿನಿಯರುಗಳಿಗೆ ಇಷ್ಟು ವರ್ಷ ಸಹಾಯ ಮಾಡಿದ ಅಸಿಸ್ಟೆಂಟ್ ಇವರು" ಎಂದರು. ಸಹಾಯ ಮಾಡಿದರಂತೆ! ಯಾರ ಕೆಲಸವನ್ನು ಯಾರು ಮಾಡಿದ್ದು, ಯಾರಿಗೆ ಯಾರು ಸಹಾಯ ಮಾಡಿದ್ದು ಎಂಬುದು ಆ ಕೋಣೆಯಲ್ಲಿದ್ದ ಒಬ್ಬೊಬ್ಬರಿಗೂ ಗೊತ್ತಿತ್ತು. ಚಪ್ಪಾಳೆ ಬಿತ್ತು. ಬಿಟ್ಟು ಹೊರಟಿದ್ದ ಅವರು ಮಾತ್ರ ಕ್ರೀಮನ್ನು ಚಮಚದಿಂದ ಒಂದು ಬದಿಗೆ ಸರಿಸಿ, ಒಳಗಿನ ಕೇಕನ್ನಷ್ಟೇ ತಿನ್ನುತ್ತ ನಿಂತಿದ್ದರು. ಅವರಿಗೆ ಸಿಟ್ಟು ಬಂದಂತೆ ಕಾಣಲಿಲ್ಲ. ಅವರ ಪಾಲಿನ ಸಿಟ್ಟೂ ನನಗೇ ಬಂತು.

ಅದಾಗಿ ಒಂದು ವರ್ಷ. ಸಿಟ್ಟು ಇಳಿದಿಲ್ಲ. ಹಾಗಾಗಿ ಬರೆಯುತ್ತಿದ್ದೇನೆ.

ದೋಹಾದಲ್ಲಿರುವ ನಮ್ಮ ಕಚೇರಿಯ ಕೆಲಸವನ್ನು ಊರಿನಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ. ಅವ್ವನಿಗೆ ನಾನು ಹೇಳಿದ್ದು ಹೀಗೆ: ಸಮುದ್ರದಲ್ಲಿ ಹಡಗೋ ಪೈಪೋ ಒಡೆದು ಎಣ್ಣೆ ಚೆಲ್ಲಿದರೆ, ಮೊದಲು ಯಾವ ದಡವನ್ನು ಉಳಿಸಿಕೊಳ್ಳಬೇಕು ಎಂದು ಮುಂಚೆಯೇ ಬರೆದಿಡುವುದು. ದಡಕ್ಕೆ ಬಣ್ಣ ಹಾಕುತ್ತೇವೆ. ಕಲ್ಲು, ಕಾಂಕ್ರೀಟಿನ ಗೋಡೆ ಇದ್ದರೆ ಹಸಿರು. ಎಣ್ಣೆ ಹತ್ತಿದರೂ ತೊಳೆಯಬಹುದು. ಮರಳಿದ್ದರೆ ಹಳದಿ, ಬುಲ್ಡೋಜರ್ ಇಳಿಸಿ ಕೆರೆದು ತೆಗೆಯಬಹುದು. ಕೆಸರು, ಉಪ್ಪುನೀರಿನಲ್ಲೇ ಬೆಳೆಯುವ ಕಾಂಡ್ಲದ (ಮ್ಯಾಂಗ್ರೋವ್) ಗಿಡಗಳು ಇದ್ದರೆ ಕೆಂಪು. ಅಲ್ಲಿಗೆ ಎಣ್ಣೆ ಹೊಕ್ಕರೆ ಹೊರಗೆ ಬರುವುದಿಲ್ಲ. ಯಂತ್ರ ಇಳಿಸಿದರೆ ಇನ್ನೂ ಆಳಕ್ಕೆ ಹೋಗುತ್ತದೆ. ಹಾಗಾಗಿ ಕೆಂಪು ಜಾಗದ ಬಾಯಿಗೆ ಎಲ್ಲಕ್ಕಿಂತ ಮೊದಲು ಬೂಮ್ ಕಟ್ಟಬೇಕು. ಬೂಮ್ ಎಂದರೆ ನೀರಿನ ಮೇಲೆ ತೇಲುವ ಉದ್ದನೆಯ ತಡೆ.

ನಕ್ಷೆಯಲ್ಲಿ ಆ ಬಣ್ಣ ಹಾಕುವವರನ್ನು ಮ್ಯಾಪಿಂಗ್ ಅಸಿಸ್ಟೆಂಟ್ ಎನ್ನುತ್ತಾರೆ. ನಾವು ಬೀಳ್ಕೊಟ್ಟವರು ಇಪ್ಪತ್ತೆರಡು ವರ್ಷ ಅದೇ ಹುದ್ದೆಯಲ್ಲಿದ್ದರು. ನಾನು ಸೇರಿದ್ದೂ ಅದೇ ಹುದ್ದೆಗೆ. ವ್ಯತ್ಯಾಸ ಒಂದೇ. ನನ್ನ ಹತ್ತಿರ ಎಂ.ಎಸ್ಸಿ. ಇತ್ತು, ಅವರ ಹತ್ತಿರ ಇರಲಿಲ್ಲ.

ಆ ಎಂ.ಎಸ್ಸಿ. ಬಗ್ಗೆ ನಾಚಿಕೆಯಿಲ್ಲದೆ ಹೇಳುತ್ತೇನೆ. ನಮ್ಮ ಮನೆತನದಲ್ಲಿ ಕಾಲೇಜಿನ ಬಾಗಿಲು ದಾಟಿದ ಮೊದಲನೆಯವಳು ನಾನು. ಅವ್ವ ರಾಮನಗರದಲ್ಲಿ ರೇಷ್ಮೆ ಫಿಲೇಚರ್‌ಗೆ ಹೋಗುತ್ತಿದ್ದಳು. ಕುದಿಯುವ ನೀರಿನಲ್ಲಿ ಗೂಡು ಬೇಯಿಸಿ, ಬೆರಳಿನಿಂದ ಎಳೆ ಹಿಡಿದು ಕೊಡುವ ಕೆಲಸ. ಅವಳ ಬೆರಳ ತುದಿಗಳು ಯಾವಾಗಲೂ ಬೆಳ್ಳಗೆ, ನೀರಲ್ಲಿ ನೆನೆದ ಕಡಲೆಯ ಹಾಗೆ. ಆ ಬೆರಳಿನಲ್ಲೇ ನನ್ನ ಫೀಸಿನ ಚಲನ್‌ಗೆ ಹೆಬ್ಬೆಟ್ಟು ಒತ್ತಿದವಳು. ಕತಾರಿಗೆ ಬಂದಾಗ ನನ್ನ ಸೂಟ್‌ಕೇಸಿನಲ್ಲಿ ಬಟ್ಟೆಗಿಂತ ಜೋಪಾನವಾಗಿ ಇಟ್ಟಿದ್ದು ಸರ್ಟಿಫಿಕೇಟು.

ಮೊದಲ ದಿನ ನಾನು ಅವರನ್ನು "ಸರ್" ಎಂದೆ.

"ಸರ್ ಅಲ್ಲಿ ಗಾಜಿನ ಕೋಣೆಯಲ್ಲಿದ್ದಾರೆ," ಎಂದರು ತಲೆಯೆತ್ತದೆ. "ನಾನು ಅಸಿಸ್ಟೆಂಟ್. ನೀನೂ ಅಸಿಸ್ಟೆಂಟ್. ಕೂತ್ಕೊ."

ನಾನು ಸರ್ ಎನ್ನುವುದನ್ನು ಬಿಡಲಿಲ್ಲ. ಅವರು ಬೇಡವೆನ್ನುವುದನ್ನು ಒಂದು ವಾರದಲ್ಲಿ ಬಿಟ್ಟರು.

ಕುಂದಾಪುರದ ಕಡೆಯವರು, ಮನೆಯಲ್ಲಿ ಕೊಂಕಣಿ. ಅವರಪ್ಪ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ತುಳಿಯುತ್ತಿದ್ದರಂತೆ. ಆ ಮಣ್ಣು ಹೊಳೆಯಲ್ಲಿ ದೋಣಿಯ ಮೇಲೆ ಬರುತ್ತಿತ್ತು, ಅದೂ ಸಮುದ್ರದ ನೀರು ಏರುವ ಹೊತ್ತಿಗೆ ಮಾತ್ರ. ದೋಣಿ ಬಂದರೆ ಅಪ್ಪನಿಗೆ ಕೆಲಸ. "ನಾನು ಗಡಿಯಾರ ನೋಡ್ಲಿಕ್ಕೆ ಕಲಿಯುವ ಮೊದಲು ನೀರು ನೋಡ್ಲಿಕ್ಕೆ ಕಲಿತದ್ದು," ಎನ್ನುತ್ತಿದ್ದರು. ಎಸ್ಸೆಸ್ಸೆಲ್ಸಿ, ಆಮೇಲೆ ಐಟಿಐಯಲ್ಲಿ ಡ್ರಾಫ್ಟ್ಸ್‌ಮನ್, ಆಮೇಲೆ ವಿಮಾನ.

ಅವರ ಕಪಾಟಿನ ಬಾಗಿಲಿನ ಒಳಬದಿಗೆ ಸಮುದ್ರದ ಉಬ್ಬರ-ಇಳಿತದ ಹೊತ್ತಿನ ಪಟ್ಟಿ ಅಂಟಿಸಿತ್ತು. ಬೇರೆಯವರು ಫೋನಿನಲ್ಲಿ ನೋಡುವುದನ್ನು ಅವರು ಆ ಕಾಗದದಲ್ಲೇ ನೋಡುತ್ತಿದ್ದರು. ಮಧ್ಯಾಹ್ನ ಡಬ್ಬಿ ಬಿಚ್ಚಿಕೊಂಡು, ಬಾಗಿಲು ತೆರೆದಿಟ್ಟು, ಟಿವಿ ನೋಡುವವರ ಹಾಗೆ ಅದನ್ನು ನೋಡುತ್ತ ಊಟ ಮಾಡುತ್ತಿದ್ದರು. ಗುಡ್ ಮಾರ್ನಿಂಗ್ ಹೇಳುವವರಲ್ಲ. ಕೆಲಸ ಚೆನ್ನಾಗಿದೆ ಎಂದು ಒಬ್ಬರಿಗೂ ಹೇಳಿದ್ದನ್ನು ನಾನು ಕೇಳಿಲ್ಲ. ಚೆನ್ನಾಗಿಲ್ಲದಿದ್ದರೆ ಮೂರು ಮೇಜು ದಾಟಿ ಕೇಳಿಸುತ್ತಿತ್ತು. ಒಬ್ಬ ಹುಡುಗಿ ಅವರ ಬೈಗುಳ ತಾಳದೆ ಬೇರೆ ವಿಭಾಗಕ್ಕೆ ಹೋಗಿದ್ದಳು. ಅದು ಅವರ ತಪ್ಪೇ. ಅದನ್ನೂ ಬರೆಯುತ್ತೇನೆ.

ಸರ್ವೆಗೆ ಹೋಗುವಾಗ ಕಸಬರಿಗೆಯ ಉದ್ದನೆಯ ಹಿಡಿಯೊಂದನ್ನು ಒಯ್ಯುತ್ತಿದ್ದರು. ಅದರ ಮೇಲೆ ಒಂದೊಂದು ಗೇಣಿಗೆ ಒಂದೊಂದು ಬಣ್ಣದ ಗುರುತು. ದಡದಲ್ಲಿ ಹತ್ತು ಹೆಜ್ಜೆಗೊಮ್ಮೆ ಅದನ್ನು ಮಣ್ಣಿಗೆ ಚುಚ್ಚಿ, ಎಷ್ಟು ಇಳಿಯಿತೋ ಅಷ್ಟನ್ನು ಬರೆದುಕೊಳ್ಳುವುದು. ಎಂಜಿನಿಯರುಗಳು, "ಏನಣ್ಣಾ, ಸಮುದ್ರ ಗುಡಿಸೋಕೆ ಹೊರಟ್ರಾ?" ಎಂದು ರೇಗಿಸುತ್ತಿದ್ದರು. ಅವರು, "ನೀವು ಮಾಡಿದ ಕಸ ಬೇರೆ ಯಾರು ಗುಡಿಸುವುದು?" ಎಂದು ಹೇಳಿ ಹೊರಟುಬಿಡುತ್ತಿದ್ದರು.

ಇಲ್ಲಿನ ವಾರದ ರಜೆಯಾದ ಶುಕ್ರವಾರ ಅಬು ಹಮೂರಿನ ಚರ್ಚಿಗೆ ಬರುತ್ತಿದ್ದರು. ನಾನು ಇರುವುದು ಅಲ್ಲೇ, ವಿಲ್ಲಾವೊಂದರ ಹಂಚಿಕೊಂಡ ಕೋಣೆಯಲ್ಲಿ. ಕೆಲವೊಮ್ಮೆ ಪ್ರಾರ್ಥನೆ ಮುಗಿಸಿ, ಊರಿನವರು ಯಾರೋ ಕೊಟ್ಟ ಇಡ್ಲಿಯಂಥ ಸಣ್ಣಾಸಿನ ಡಬ್ಬಿಯನ್ನು ನಮ್ಮ ಗೇಟಿನಲ್ಲಿ ಕೊಟ್ಟು ಹೋಗುತ್ತಿದ್ದರು. ಒಮ್ಮೆ ಕೇಳಿದೆ, "ಏನ್ ಬೇಡ್ಕೊಂಡ್ರಿ ಸರ್?"

"ಎಂತ ಬೇಡುವುದು? ಎಣ್ಣೆ ಚೆಲ್ಲಿ ನನ್ನ ನಕ್ಷೆಯನ್ನು ಯಾರೂ ಬಿಚ್ಚಿ ನೋಡುವ ಹಾಗೆ ಆಗದಿರಲಿ ಅಂತ. ಇಪ್ಪತ್ತೆರಡು ವರ್ಷದಿಂದ ಅದೊಂದೇ."

ನನಗೆ ಮೊದಲು ಕೊಟ್ಟ ಕೆಲಸ ಉತ್ತರದ ಕಡೆಯ ಒಂದು ಸಣ್ಣ ಖಾರಿ. ಸಮುದ್ರ ಒಳಗೆ ನುಗ್ಗಿ ನಿಂತ ಜಾಗ. ಉಪಗ್ರಹದ ಚಿತ್ರ ನೋಡಿದೆ: ನೀಲಿ ನೀರು, ಅದರ ಅಂಚಿಗೆ ಬಿಳಿ ಮರಳು, ಹಿಂದೆ ಎಲ್ಲೋ ನಾಲ್ಕು ಹಸಿರು ಚುಕ್ಕೆ. ಎರಡೇ ದಿನದಲ್ಲಿ ಗೆರೆ ಎಳೆದು, ಇಡೀ ಅಂಚಿಗೆ ಹಳದಿ ತುಂಬಿ ಕೊಟ್ಟೆ. ಅಚ್ಚುಕಟ್ಟಾಗಿತ್ತು. ಹೆಮ್ಮೆಯಾಗಿತ್ತು.

ಅವರು ಪರದೆಯನ್ನು ನೋಡಿದರು. ಬಣ್ಣವನ್ನಲ್ಲ, ಚಿತ್ರದ ಮೂಲೆಯನ್ನು.

"ಈ ಫೋಟೋ ಎಷ್ಟು ಗಂಟೆದು?"

"ಗೊತ್ತಿಲ್ಲ ಸರ್. ಅದರಿಂದೇನು?"

ಅವರು ತಾರೀಖು, ಸಮಯ ಹುಡುಕಿ ತೆಗೆದು, ಹಳೆಯ ಪಟ್ಟಿಗಳ ಕಟ್ಟು ಬಿಚ್ಚಿ, ಒಂದು ಸಾಲಿನ ಮೇಲೆ ಉಗುರು ಇಟ್ಟರು. ಚಿತ್ರ ತೆಗೆದ ಹೊತ್ತಿನಲ್ಲಿ ನೀರು ಪೂರ್ತಿ ಏರಿತ್ತು.

"ನೀನು ತುಂಬಿದ ಕೊಡ ನೋಡಿ ಅದರ ತಳದ ಚಿತ್ರ ಬಿಡಿಸಿದ್ದಿ ಮಾರಾಯ್ತಿ."

"ನಾನು ಓದಿರೋದು ಇದನ್ನೇ ಸರ್. ಎಂ.ಎಸ್ಸಿ.ನಲ್ಲಿ ಎರಡು ವರ್ಷ."

"ಗೊತ್ತುಂಟು. ನಾಡಿದ್ದು ಒಂದು ಗಂಟೆಗೆ ನೀರು ಇಳೀತದೆ. ಹಳೆ ಚಪ್ಪಲಿ ಹಾಕ್ಕೊಂಡು ಬಾ."

ನಾನು ಹಟಕ್ಕೆ ಹೊಸ ಶೂ ಹಾಕಿಕೊಂಡು ಹೋದೆ. ಚಳಿಗಾಲದ ಬಿಸಿಲು. ನನ್ನ ನಕ್ಷೆಯಲ್ಲಿ ನೀರು ಇರಬೇಕಾದ ಕಡೆ ನೀರು ಇರಲಿಲ್ಲ. ಕಣ್ಣು ಹಾಯುವಷ್ಟು ದೂರ ಬೂದು ಬಣ್ಣದ ಕೆಸರು, ಅದರ ತುಂಬ ಏಡಿಯ ತೂತುಗಳು, ಮೇಲೆ ಎದ್ದು ನಿಂತ ಕಾಂಡ್ಲದ ಬೇರುಗಳು ಪೆನ್ಸಿಲ್ ನೆಟ್ಟ ಹಾಗೆ. ನಾಲ್ಕು ಹೆಜ್ಜೆ ಇಟ್ಟೆ. ಐದನೆಯದಕ್ಕೆ ಮೊಣಕಾಲಿನವರೆಗೆ ಹೂತುಹೋದೆ. ಕಾಲು ಬಂತು, ಶೂ ಬರಲಿಲ್ಲ.

ಅವರು ದೂರದಲ್ಲಿ ಕಸಬರಿಗೆ ಹಿಡಿ ಊರಿಕೊಂಡು ನಿಂತು ಕೇಳಿದರು: "ಹಳದಿ ಅಲ್ವಾ? ಬುಲ್ಡೋಜರ್ ತರಿಸುವನಾ?"

ಸಿಟ್ಟು, ನಗು ಎರಡೂ ಬಂತು. ಅಂದು ಮೂರು ಗಂಟೆ ನಡೆದೆವು. ನೀರು ಹಿಂದಕ್ಕೆ ಬರುವ ಮೊದಲು ಇಡೀ ಅಂಚು ಮುಗಿಸಿದೆವು. ಹಳದಿ ಹೋಯಿತು. ಖಾರಿ ಪೂರ್ತಿ ಕೆಂಪಾಯಿತು.

ವಾಪಸು ಬರುವಾಗ ಪಿಕಪ್‌ನಲ್ಲಿ ಒಂದೇ ಶೂ ಹಾಕಿಕೊಂಡು ಕೂತ ನಾನು, "ಡಿಗ್ರಿ ಎಲ್ಲ ದಂಡ ಸರ್. ನಿಮ್ಮ ಥರ ಕೆಲಸ ಕಲೀಬೇಕಿತ್ತು," ಎಂದೆ. ಹೊಗಳಿದೆ ಎಂದುಕೊಂಡಿದ್ದೆ. ಅವರು ಗಾಡಿಯನ್ನು ಹೆದ್ದಾರಿಯ ಬದಿಗೆ ತಂದು ನಿಲ್ಲಿಸಿದರು.

"ಇನ್ನೊಮ್ಮೆ ನನ್ನ ಮುಂದೆ ಹಾಗೆ ಹೇಳ್ಬೇಡ. ಡಿಗ್ರಿ ದಂಡ ಅಂತ ಹೇಳುವುದು ಅಜ್ಜನ ಕಾಲದಿಂದ ಡಿಗ್ರಿ ಇದ್ದವರು. ಇಲ್ಲದವನು ನಾನು ಹೇಳ್ತೇನೆ, ಕೇಳು: ಕಾಗದ ಬೇಕು. ನಿನ್ನ ಅಮ್ಮ ಬಿಸಿನೀರಿಗೆ ಕೈ ಹಾಕಿದ್ದು ದಂಡಕ್ಕನಾ?"

ಮರುದಿನ ಹಳೆಯ ನಕ್ಷೆಗಳ ಡ್ರಾಯರ್ ಎಳೆದು ತೋರಿಸಿದರು. ನಮ್ಮ ಪ್ರತಿ ನಕ್ಷೆಯ ಕೆಳಗೆ ಒಂದು ಚೌಕವಿರುತ್ತದೆ: ತಯಾರಿಸಿದವರು, ಪರಿಶೀಲಿಸಿದವರು. ಅಲ್ಲಿ ಪದವಿ ಇದ್ದವರ ಹೆಸರು ಮಾತ್ರ ಬರಬೇಕು, ಕಚೇರಿಯ ನಿಯಮ. ಒಂದೊಂದೇ ಹಾಳೆ ತಿರುಗಿಸುತ್ತ, "ಇದು ನಾನು. ಇದೂ ನಾನು. ಇದು ಅರ್ಧ ನಾನು, ಕೈ ಮುರಿದಿತ್ತು ಆಗ," ಎಂದರು. ಚೌಕದಲ್ಲಿ ಇದ್ದದ್ದು ಬಂದು ಹೋದ ಯಾರ್ಯಾರದೋ ಹೆಸರು. ದೂರುವ ದನಿಯೇ ಇರಲಿಲ್ಲ. ಮಕ್ಕಳನ್ನು ಗುರುತಿಸುವವರ ಹಾಗೆ ಹೇಳುತ್ತ ಹೋದರು. ಆ ಖಾರಿಯ ನಕ್ಷೆಯಲ್ಲಿ 'ತಯಾರಿಸಿದವರು' ಎಂಬಲ್ಲಿ ಬರಬೇಕಾಗಿದ್ದದ್ದು ನನ್ನ ಹೆಸರು. ಅವರದ್ದು ಎಲ್ಲಿಯೂ ಇಲ್ಲ.

ಪ್ರೊಬೇಷನ್ನಿನ ಐದನೇ ತಿಂಗಳು ಮ್ಯಾನೇಜರ್ ಗಾಜಿನ ಕೋಣೆಗೆ ಕರೆದರು.

"ನೋಡಮ್ಮ, ಆ ಖಾರಿ ಕೆಂಪಲ್ಲಿರೋದು ಕ್ಲೈಂಟಿಗೆ ಬೇಡ. ಕೆಂಪಾದ್ರೆ ಅಲ್ಲೇ ಪಕ್ಕದಲ್ಲಿ ದೋಣಿ, ಬೂಮು, ಜನ ಎಲ್ಲ ಕಾಯಂ ಇಡಬೇಕಾಗುತ್ತೆ. ಹಳದಿ ಮಾಡಿಬಿಡು. ಇಮೇಜಲ್ಲಿ ಹಳದಿ ಥರಾನೇ ಕಾಣುತ್ತಲ್ಲ. ಮೊದಲು ನೀನೇ ಹಳದಿ ಹಾಕಿದ್ದೆ ತಾನೇ?"

"ಅದು ತಪ್ಪಾಗಿತ್ತು ಸರ್."

"ಆ ತಪ್ಪೇ ಈಗ ಸರಿ ಅಂದ್ಕೋ. ಯಲ್ಲಾ, ಬೇಗ ಬೇಗ, ಗುರುವಾರದೊಳಗೆ ಖಲಾಸ್ ಮಾಡು." ಎದ್ದು ಬರುವಾಗ ಹಿಂದಿನಿಂದ, "ನಿನ್ನ ಕನ್ಫರ್ಮೇಶನ್ ಫೈಲೂ ನನ್ನ ಟೇಬಲ್ ಮೇಲೇ ಇದೆಯಮ್ಮ," ಎಂದರು. ಒಳ್ಳೆಯ ಮಾತಿನಲ್ಲೇ ಹೇಳಿದರು.

ಅದರ ಹಿಂದಿನ ದಿನವಷ್ಟೇ ಅವ್ವ ಫೋನಿನಲ್ಲಿ ಹೇಳಿದ್ದಳು: "ಫಿಲೇಚರ್‌ನೋರು ಮತ್ತೆ ಕರುದ್ರು ಕಣವ್ವ. ನನ್ ಮಗ್ಳು ಬ್ಯಾಡ ಅಂದವ್ಳೆ, ಬರಾಕಿಲ್ಲ ಅಂದ್ಬುಟ್ಟೆ." ಜೀವನದಲ್ಲಿ ಮೊದಲ ಸಲ ಒಂದು ಕೆಲಸವನ್ನು ಬೇಡ ಎಂದಿದ್ದಳು ಅವಳು. ನನ್ನ ಕೆಲಸ ಹೋದರೆ ವೀಸಾ ಹೋಗುತ್ತದೆ, ನಾನು ಊರಿಗೆ ಹೋಗುತ್ತೇನೆ, ಅವಳು ಕುದಿಯುವ ನೀರಿಗೆ ಹೋಗುತ್ತಾಳೆ. ಲೆಕ್ಕ ಅಷ್ಟು ಸರಳವಾಗಿತ್ತು.

ಕೆಸರಿನಲ್ಲಿ ನನ್ನನ್ನು ನಡೆಸಿದವರ ಮೇಜಿನ ಬಳಿ ಹೋಗಿ ಎಲ್ಲ ಹೇಳಿದೆ. 'ಬಗ್ಗಬೇಡ' ಎನ್ನುತ್ತಾರೆ, ಆ ಧೈರ್ಯದ ಮೇಲೆ ಎದುರಿಸೋಣ ಎಂದುಕೊಂಡಿದ್ದೆ. ಅವರು ಕೈಯಲ್ಲಿದ್ದ ಪೆನ್ಸಿಲ್ ಕೆಳಗಿಟ್ಟರು.

"ಬದಲಾಯಿಸಿದರೆ ನಾನು ಬಯ್ಯುವುದಿಲ್ಲ," ಎಂದರು. "ನಿನ್ನ ಮನೆ ನನಗೆ ಗೊತ್ತುಂಟು. ನನ್ನ ಹೆಸರು ಆ ಹಾಳೆಯಲ್ಲಿ ಇಲ್ಲ. ಧೈರ್ಯ ಹೇಳುವುದು ನನಗೆ ಸುಲಭ. ಹಾಗಾಗಿ ಹೇಳುವುದಿಲ್ಲ. ಒಂದೇ ಒಂದು. ನನ್ನ ಹತ್ರ ಮಾಡಿಸ್ಬೇಡ. ಬಣ್ಣ ನೀನೇ ಬದಲಾಯಿಸು."

ಬದಲಾಯಿಸಿದೆ. ಇದನ್ನು ಮುಚ್ಚಿಡುವುದಿಲ್ಲ. ನನ್ನ ಕಂಪ್ಯೂಟರಿನಲ್ಲಿ ಖಾರಿಯನ್ನು ಆರಿಸಿ, ಕೆಂಪು ತೆಗೆದು ಹಳದಿ ತುಂಬಿದೆ. ಒಂದು ಕ್ಲಿಕ್ಕಿನ ಕೆಲಸ. ಆಮೇಲೆ ಕೆಳಗಿನ ಚೌಕಕ್ಕೆ ಬಂದೆ, ನನ್ನ ಹೆಸರು ಟೈಪ್ ಮಾಡಬೇಕಿತ್ತು. ಮಧ್ಯಾಹ್ನದ ಊಟದ ಹೊತ್ತೆಲ್ಲ ಆ ಚೌಕದ ಮುಂದೆ ಕೂತಿದ್ದೆ. ನಮ್ಮ ಮನೆತನದ ಹೆಸರು ಅಚ್ಚಾದ ಕಾಗದ ಅಲ್ಲಿಯವರೆಗೆ ರೇಷನ್ ಕಾರ್ಡು, ವೋಟರ್ ಲಿಸ್ಟು ಮತ್ತು ನನ್ನ ಸರ್ಟಿಫಿಕೇಟು ಮಾತ್ರ. ಮುಂದಿನದು ಇದಾಗಬೇಕಿತ್ತು. ಮೊಣಕಾಲುದ್ದ ಕೆಸರನ್ನು ಮರಳು ಎಂದು ಹೇಳುವ ಹಾಳೆ. ನಾಳೆ ನಿಜವಾಗಿ ಎಣ್ಣೆ ಬಂದರೆ, ನನ್ನ ಹೆಸರನ್ನು ನಂಬಿ ಯಾರೋ ಅಲ್ಲಿಗೆ ಬುಲ್ಡೋಜರ್ ಇಳಿಸುತ್ತಾರೆ.

ಹಳದಿ ತೆಗೆದೆ. ಕೆಂಪು ಹಾಕಿದೆ. ಹೆಸರು ಟೈಪ್ ಮಾಡಿ, ಪ್ರಿಂಟ್ ತೆಗೆದುಕೊಂಡು ಗಾಜಿನ ಕೋಣೆಗೆ ಹೋದೆ. ಬಾಗಿಲು ಹಾಕಲಿಲ್ಲ, ಬೇಕೆಂದೇ.

"ಇದೇನಮ್ಮ, ಕೆಂಪೇ ಇದೆ?"

"ಕೆಂಪೇ ಸರ್. ನೀವೂ ಒಂದ್ಸಲ ಬನ್ನಿ, ನೀರು ಇಳಿದಾಗ ನಡೀರಿ. ಕಾಲು ಹೂತುಹೋಗ್ಲಿಲ್ಲ ಅಂದ್ರೆ ಅಲ್ಲೇ ನಿಂತು ಹಳದಿ ಮಾಡ್ತೀನಿ."

"ನನಗೆ ಕೆಸರು ತುಳಿಯೋ ಟೈಮಿಲ್ಲ. ಆ ಮುದುಕ ತಲೆ ಕೆಡಿಸಿದ್ದಾನಾ?"

"ಅವರು ಬದಲಾಯಿಸು ಅಂತಾನೂ ಹೇಳಿಲ್ಲ, ಬೇಡ ಅಂತಾನೂ ಹೇಳಿಲ್ಲ. ಹೆಸರು ನಂದು ಸರ್. ಹಳದಿಗೆ ನನ್ನ ಹೆಸರು ಹಾಕಲ್ಲ."

"ಹಾಗಾದ್ರೆ ಬೇರೆಯವರ ಹೆಸರು ಹಾಕ್ತೀನಿ."

"ಹಾಕಿ. ಯಾಕೆ, ನಿಮಗೂ ಡಿಗ್ರಿ ಇದೆಯಲ್ಲ ಸರ್. ನೀವೇ ಸೈನ್ ಮಾಡಿ."

ಹೊರಗೆ ಕೀಬೋರ್ಡುಗಳ ಸದ್ದು ನಿಂತಿತ್ತು. ಮ್ಯಾನೇಜರ್ ಹಾಳೆಯನ್ನು ನೋಡಿದರು, ನನ್ನನ್ನು ನೋಡಿದರು, ತೆರೆದ ಬಾಗಿಲನ್ನು ನೋಡಿದರು. "ಹೋಗು," ಎಂದರು.

ಹಳದಿ ನಕ್ಷೆಗೆ ಅವರು ಸೈನ್ ಮಾಡಲಿಲ್ಲ. ಬೇರೆ ಇಬ್ಬರನ್ನು ಕರೆದು ಕೇಳಿದರಂತೆ; ಒಬ್ಬನಿಗೆ ರಜೆ ಇತ್ತು, ಇನ್ನೊಬ್ಬನಿಗೆ ಮೆಸಯೀದ್‌ನಲ್ಲಿ ಮೀಟಿಂಗ್ ಇತ್ತು. ಗುರುವಾರ ಕೆಂಪು ನಕ್ಷೆಯೇ ಹೋಯಿತು. ನನ್ನ ಕನ್ಫರ್ಮೇಶನ್ ಆರನೇ ತಿಂಗಳ ಕೊನೆಯ ದಿನ, ಆಫೀಸು ಮುಚ್ಚುವ ಹೊತ್ತಿಗೆ, ಒಂದು ಮಾತೂ ಇಲ್ಲದೆ ಬಂತು. ಆ ಒಂದು ತಿಂಗಳು ನಾನು ಅವ್ವನ ಹತ್ತಿರ ಹೇಗೆ ನಗುನಗುತ್ತ ಮಾತಾಡಿದೆ ಎಂಬುದು ನನಗೇ ಗೊತ್ತು.

ಅಂದು ಗಾಜಿನ ಕೋಣೆಯಿಂದ ನೇರ ಬಂದು ನನಗೆ ಕೆಲಸ ಕಲಿಸಿದವರ ಮೇಜಿನ ಪಕ್ಕ ಕೂತೆ. ಒಂದು ಭೇಷ್ ಬರಬಹುದೆಂದು ಕಾದೆ.

"ಊಟ ಮಾಡ್ಲಿಲ್ಲ ನೀನು," ಎಂದು ಡಬ್ಬಿ ನನ್ನ ಕಡೆ ತಳ್ಳಿದರು. "ಮೀನುಂಟು. ಮುಳ್ಳು ನೋಡಿ ತಿನ್ನು."

ಮುಂದಿನ ವರ್ಷ ಅವರ ಕಾಂಟ್ರ್ಯಾಕ್ಟ್ ಮುಂದುವರಿಸಲಿಲ್ಲ. ವಯಸ್ಸು ಎಂಬ ಕಾರಣ ಕೊಟ್ಟರು. ಅವರಿಗಿಂತ ದೊಡ್ಡವರು ಇಬ್ಬರು ಇನ್ನೂ ಅದೇ ಕಚೇರಿಯಲ್ಲಿದ್ದಾರೆ. ಖಾರಿಗೂ ಇದಕ್ಕೂ ಸಂಬಂಧವಿದೆ ಎಂದು ನಾನು ಸಾಬೀತು ಮಾಡಲಾರೆ. ಸಂಬಂಧವಿಲ್ಲ ಎಂದು ನನ್ನನ್ನು ನಂಬಿಸಲೂ ಯಾರಿಂದಲೂ ಆಗಿಲ್ಲ.

ಈಗ ಆ ಯೋಜನೆಯ ಹೊಸ ಆವೃತ್ತಿಯ ಕೆಲಸ ಬಂದಿದೆ. ಮತ್ತೆ ಅದೇ ಖಾರಿ. ಕಳೆದ ತಿಂಗಳು ನಾನೇ ಹೋಗಿ, ನೀರು ಇಳಿದ ಹೊತ್ತಿನಲ್ಲಿ ನಡೆದು ಬಂದೆ. ಕಾಂಡ್ಲ ಇನ್ನಷ್ಟು ಮುಂದೆ ಬಂದಿದೆ. ಬಣ್ಣ ಕೆಂಪೇ. ಕೆಳಗಿನ ಚೌಕಕ್ಕೆ ಬಂದಾಗ ಅಲ್ಲಿ ಒಂದು ಹೊಸ ಸಾಲು ಸೇರಿಸಿದೆ: ನಡೆದು ನೋಡಿದವರು. ಅದರ ಮುಂದೆ ಅವರ ಪೂರ್ತಿ ಹೆಸರು, ಕೆಳಗೆ ನನ್ನದು.

ಮ್ಯಾನೇಜರ್ ಅದನ್ನು ಕಂಡರು. "ಇದು ಫಾರ್ಮ್ಯಾಟಲ್ಲಿ ಇಲ್ವಲ್ಲಮ್ಮ."

"ಈಗ ಇದೆ ಸರ್."

"ಅವರಿಗೆ ಡಿಗ್ರಿ ಇಲ್ಲ."

"ನಡೆಯೋಕೆ ಡಿಗ್ರಿ ಬೇಕು ಅಂತ ರೂಲಿಲ್ಲ ಸರ್. ಹುಡುಕಿದೆ."

ಅವರು ಹಾಳೆಯನ್ನು ಬದಿಗೆ ಸರಿಸಿ ಬೇರೆ ಫೈಲು ತೆಗೆದುಕೊಂಡರು. ತೆಗೆದುಹಾಕು ಎನ್ನಲಿಲ್ಲ.

ಆ ಸಂಜೆ ಕುಂದಾಪುರಕ್ಕೆ ಫೋನ್ ಮಾಡಿದೆ. ಹಿಂದೆ ಪ್ರೆಶರ್ ಕುಕ್ಕರ್ ಕೂಗುವುದು ಕೇಳಿಸುತ್ತಿತ್ತು. "ಸರ್, ನಿಮ್ಮ ಹೆಸರು ನಕ್ಷೆಯಲ್ಲಿ ಅಚ್ಚಾಯ್ತು," ಎಂದೆ. ಕುಕ್ಕರ್ ಇನ್ನೊಮ್ಮೆ ಕೂಗಿತು. ಅವರ ಕಣ್ಣು ತುಂಬಿರಬೇಕು ಎಂದುಕೊಂಡೆ. ಅವರನ್ನು ಇಷ್ಟು ದಿನ ಕಂಡೂ ಹಾಗೆ ಅಂದುಕೊಂಡೆನಲ್ಲ!

"ಯಾರು ಹೇಳಿದ್ದು ನಿಂಗೆ ಹಾಕ್ಲಿಕ್ಕೆ?" ದನಿ ಮೂರು ಮೇಜು ದಾಟಿ ಬರುವ ಅದೇ ದನಿ. "ನಾನು ಅಲ್ಲಿ ನಡೆದು ಎಷ್ಟು ಕಾಲ ಆಯ್ತು? ಕೆಸರು ನನ್ನನ್ನು ಕಾಯ್ತಾ ಕೂತಿರ್ತದಾ? ಈ ವರ್ಷ ನಾನು ನೋಡ್ಲಿಲ್ಲ. ನೋಡದ್ದಕ್ಕೆ ನನ್ನ ಹೆಸರು ಬೇಡ. ತೆಗಿ."

"ನಾನು ನೋಡಿದ್ದೀನಿ ಸರ್, ಹೋದ ತಿಂಗಳು."

"ಹಾಗಾದ್ರೆ ನಿನ್ನದು ಮಾತ್ರ ಸಾಕು. ನನ್ನದು ತೆಗಿ."

"ಇಬ್ಬರ ಹೆಸರಿನ ಮುಂದೆಯೂ ನಡೆದ ತಾರೀಖು ಹಾಕಿದ್ದೀನಿ. ನೀವು ಯಾವಾಗ ನೋಡಿದ್ದು, ನಾನು ಯಾವಾಗ ನೋಡಿದ್ದು, ಎರಡೂ ಇದೆ. ಸುಳ್ಳಿಲ್ಲ."

"ತೆಗಿ ಅಂದ್ರೆ ತೆಗೀಬೇಕು ಮಾರಾಯ್ತಿ!"

"ತೆಗೆಯಲ್ಲ ಸರ್."

ಗಾಜಿನ ಕೋಣೆಯಲ್ಲಿ ಹೇಳಿದ್ದಕ್ಕಿಂತ ಇದನ್ನು ಹೇಳುವುದು ಕಷ್ಟವಾಯಿತು. ಅವರು ಫೋನ್ ಇಟ್ಟುಬಿಟ್ಟರು. ಮರುದಿನ ಬೆಳಿಗ್ಗೆ ನಕ್ಷೆ ಹೋಯಿತು: ಖಾರಿ ಕೆಂಪು, ಕೆಳಗೆ ಎರಡು ಹೆಸರು, ಎರಡು ತಾರೀಖು.

ಮೂರು ವಾರವಾಯಿತು, ಅವರು ಇನ್ನೂ ನನ್ನ ಫೋನ್ ಎತ್ತುತ್ತಿಲ್ಲ. ಎತ್ತದಿದ್ದರೆ ಬೇಡ. ನಾನೂ ತೆಗೆದಿಲ್ಲ.